ಓದುಗರ ಪ್ರಶ್ನೆಗೆ ಉತ್ತರ: ದೂರದೂರಿನ ಉದ್ಯಮ ಮತ್ತು ಅದರ ಅಲೆದಾಟ

ದಾವಣಗೆರೆಯ ಹಳೆಯ ಹತ್ತಿ ಗಿರಣಿಗಳ ಬಗ್ಗೆ ಕಳೆದ ತಿಂಗಳು ಇದೇ ಪುಟದಲ್ಲಿ ಬರೆಯುತ್ತ, ಜಿಲ್ಲಾ ಕೇಂದ್ರದಿಂದ ಒಂದು ಗಂಟೆಯ ಬಸ್ ದಾರಿಯಾಚೆಗಿನ ಊರುಗಳಲ್ಲಿ ಸಣ್ಣ ಉದ್ಯಮಗಳು ಏಕೆ ನೆಲೆ ನಿಲ್ಲುವುದಿಲ್ಲ ಎಂಬ ಮಾತನ್ನು ಅರ್ಧಕ್ಕೇ ಬಿಟ್ಟಿದ್ದೆ. ಅದನ್ನು ಪೂರ್ತಿ ಮಾಡಬೇಕೆಂದು ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಿಂದ ಪತ್ರಗಳು ಬಂದಿವೆ. ಅವುಗಳಲ್ಲಿ ಐದನ್ನು ಆಯ್ದುಕೊಂಡಿದ್ದೇನೆ. ಕೆಲವರು ಹೆಸರು ಬೇಡವೆಂದು ಕೇಳಿಕೊಂಡದ್ದರಿಂದ ಎಲ್ಲರ ಹೆಸರನ್ನೂ ಬಿಟ್ಟು ಊರನ್ನಷ್ಟೇ ಉಳಿಸಿದ್ದೇನೆ.

ಪ್ರಶ್ನೆ: ನಾನು ಸ್ವಸಹಾಯ ಸಂಘದ ಸದಸ್ಯೆ. ಸಹಾಯಧನದ ಸಾಲದಲ್ಲಿ ನವಣೆ, ಸಜ್ಜೆ ಹಿಟ್ಟು ಮಾಡುವ ಯಂತ್ರ ಹಾಕಿಸಿದ್ದೇನೆ. ಯಂತ್ರ ಚೆನ್ನಾಗಿದೆ. ಆದರೆ ಧಾನ್ಯ ಕೊಳ್ಳಲು ಹಣವಿಲ್ಲದೆ ವರ್ಷದಲ್ಲಿ ನಾಲ್ಕೈದು ತಿಂಗಳು ಸುಮ್ಮನೆ ನಿಂತಿರುತ್ತದೆ. ತಪ್ಪು ನನ್ನದೋ, ಯೋಜನೆಯದೋ? (ಜಗಳೂರು ತಾಲ್ಲೂಕು)

ಉತ್ತರ: ತಪ್ಪು ನಿಮ್ಮದಲ್ಲ. ನೀವು ಹೇಳುತ್ತಿರುವುದು, ನಾನು ಊಹಿಸುವಂತೆ, ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಯೋಜನೆ, ಎಲ್ಲರೂ ಪಿಎಂಎಫ್‌ಎಂಇ ಎಂದು ಕರೆಯುವುದು. ಅದರ ‘ಒಂದು ಜಿಲ್ಲೆ ಒಂದು ಉತ್ಪನ್ನ’ ಪಟ್ಟಿಯಲ್ಲಿ ದಾವಣಗೆರೆಗೆ ಸಿರಿಧಾನ್ಯ, ಚಿತ್ರದುರ್ಗಕ್ಕೆ ಶೇಂಗಾ ಬಂದಿವೆ. ವೈಯಕ್ತಿಕ ಘಟಕಕ್ಕೆ ಕೇಂದ್ರ ಕೊಡುವುದು ಯೋಜನಾ ವೆಚ್ಚದ ಶೇ. 35, ಗರಿಷ್ಠ 10 ಲಕ್ಷ ರೂಪಾಯಿ. ನಮ್ಮ ರಾಜ್ಯ ಅದಕ್ಕೆ ಶೇ. 15 ಸೇರಿಸಿ ಅರ್ಧದಷ್ಟು ಮಾಡಿತು. ಕೇಳಲು ಬಹಳ ಉದಾರವಾಗಿದೆ, ನಿಜಕ್ಕೂ ಉದಾರವೇ. ಆದರೆ ಅದು ಯಂತ್ರದ ಮೇಲಿನ ಔದಾರ್ಯ.

ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳೋಣ. ನಿಮ್ಮ ಯಂತ್ರದ ಬೆಲೆ 5 ಲಕ್ಷ ರೂಪಾಯಿ. ದಿನಕ್ಕೆ ಒಂದು ಕ್ವಿಂಟಲ್ ಹಿಟ್ಟು ಮಾಡಿದರೆ ತಿಂಗಳಿಗೆ 25 ಕ್ವಿಂಟಲ್ ಧಾನ್ಯ ಬೇಕು. ನವಣೆ ಕಣಕ್ಕೆ ಬರುವುದು ವರ್ಷಕ್ಕೊಮ್ಮೆ; ಆಗಲೇ ಕೊಂಡಿಟ್ಟರೆ ದರ ಕೈಗೆಟುಕುತ್ತದೆ, ಬೇಸಿಗೆಗೆ ಬಿಟ್ಟರೆ ದಾಸ್ತಾನು ಮಾಡಿದ ವರ್ತಕ ಹೇಳಿದ್ದೇ ದರ. ಆರು ತಿಂಗಳಿಗೆ 150 ಕ್ವಿಂಟಲ್, ಕ್ವಿಂಟಲಿಗೆ 4,000 ರೂಪಾಯಿ ಹಿಡಿದರೂ 6 ಲಕ್ಷ ರೂಪಾಯಿ. ಅಂದರೆ ಮೂಟೆಯೊಳಗಿನ ಹಣ ಯಂತ್ರದೊಳಗಿನ ಹಣಕ್ಕಿಂತ ಹೆಚ್ಚು. ಇದರ ಮೇಲೆ, ದಾವಣಗೆರೆಯ ಅಂಗಡಿಯವರು ಮಾಲು ಇಳಿಸಿಕೊಂಡ ದಿನವೇ ದುಡ್ಡು ಕೊಡುವುದಿಲ್ಲ. ‘ಮುಂದಿನ ಸಲ ಬಂದಾಗ ನೋಡೋಣ ಅಕ್ಕ’ ಎನ್ನುತ್ತಾರೆ. ನಗರದ ಉದ್ಯಮಿ ವಾರಕ್ಕೊಮ್ಮೆ ಕಚ್ಚಾಮಾಲು ತಂದು ವಾರಕ್ಕೊಮ್ಮೆ ವಸೂಲಿ ಮಾಡಬಲ್ಲ. ದೂರದೂರಿನವರಿಗೆ ಎರಡೂ ತುದಿಯಲ್ಲಿ ಹಣ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ದೂರವಿದ್ದಷ್ಟೂ ದುಡಿಯುವ ಬಂಡವಾಳ ಹೆಚ್ಚು ಬೇಕು ಎಂಬುದನ್ನು ಸಹಾಯಧನದ ನಿಯಮ ಬರೆಯುವವರು ಮೊದಲು ಒಪ್ಪಿಕೊಳ್ಳಬೇಕು.

ಸದ್ಯಕ್ಕೆ ನೀವು ಮೂರು ದಾರಿ ನೋಡಬಹುದು. ಇದೇ ಯೋಜನೆಯಲ್ಲಿ ಆಹಾರ ಸಂಸ್ಕರಣೆ ಮಾಡುವ ಸ್ವಸಹಾಯ ಸಂಘದ ಸದಸ್ಯೆಗೆ ತಲಾ 40,000 ರೂಪಾಯಿವರೆಗೆ ಬೀಜ ಬಂಡವಾಳದ ಅವಕಾಶವಿದೆ, ಅದು ಒಕ್ಕೂಟದ ಮೂಲಕ ಬರುತ್ತದೆ. ಸಂಜೀವಿನಿ ಒಕ್ಕೂಟದಲ್ಲಿ ಕೇಳಿ. ಬ್ಯಾಂಕಿನಲ್ಲಿ ಯಂತ್ರಕ್ಕೆ ಕೊಡುವ ಅವಧಿ ಸಾಲದ ಜೊತೆಗೆ ಕ್ಯಾಶ್ ಕ್ರೆಡಿಟ್ ಮಿತಿಯನ್ನೂ, ಅಂದರೆ ಬೇಕಾದಾಗ ತೆಗೆದು ದುಡ್ಡು ಬಂದಾಗ ಕಟ್ಟುವ ಸಾಲವನ್ನೂ, ಕೇಳಬಹುದು. ಕೇಳದಿದ್ದರೆ ಅವರಾಗಿ ಕೊಡುವುದಿಲ್ಲ. ಮೂರನೆಯದು, ನೋಂದಾಯಿತ ಉಗ್ರಾಣದಲ್ಲಿ ಧಾನ್ಯವಿಟ್ಟು ಅದರ ರಸೀದಿಯ ಮೇಲೆ ಪಡೆಯುವ ಸಾಲ. ಅಂಥ ಉಗ್ರಾಣ ನಿಮ್ಮೂರಿನ ಪಕ್ಕದಲ್ಲಿದ್ದರೆ ಮಾತ್ರ ಇದು ಉಪಯೋಗ. ಇಲ್ಲೂ ಮತ್ತೆ ದೂರದ ಮಾತೇ.

ಪ್ರಶ್ನೆ: ನಾನು ಅರ್ಥಶಾಸ್ತ್ರದ ವಿದ್ಯಾರ್ಥಿ. ಹಿಂದುಳಿದ ತಾಲ್ಲೂಕುಗಳಿಗೆ ಹೆಚ್ಚು ರಿಯಾಯಿತಿ ಎಂದು ಎಲ್ಲ ಕೈಗಾರಿಕಾ ನೀತಿಗಳೂ ಹೇಳುತ್ತವೆ. ಆದರೂ ಶೆಡ್ಡುಗಳು ಏಳುವುದು ಹೆದ್ದಾರಿಯ ಪಕ್ಕದಲ್ಲಿಯೇ. ನೀತಿಯನ್ನು ನೀವೇ ಬರೆಯುವುದಾದರೆ ಹೇಗೆ ಬರೆಯುತ್ತೀರಿ? (ದಾವಣಗೆರೆ)

ಉತ್ತರ: ಬರೆಯಲು ನನ್ನನ್ನು ಯಾರೂ ಕರೆಯುವುದಿಲ್ಲ ಎಂಬ ಧೈರ್ಯದಿಂದ ಉತ್ತರಿಸುತ್ತೇನೆ.

ಮೊದಲು, ‘ಹಿಂದುಳಿದ’ ಎಂಬ ಪದದ ಅಳತೆ. ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ 35 ಸೂಚಕಗಳನ್ನು ಹಿಡಿದು ರಾಜ್ಯದ ಆಗಿನ 175 ತಾಲ್ಲೂಕುಗಳನ್ನು ಅಳೆದು, 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಜಿಲ್ಲೆಯ ಸರಾಸರಿಯ ಹಿಂದೆ ತಾಲ್ಲೂಕಿನ ಬಡತನ ಅಡಗಿಕೊಳ್ಳುವುದನ್ನು ತೋರಿಸಿದ ಆ ಕೆಲಸ ದೊಡ್ಡದು, ಮುಂದಿನ ನೀತಿಗಳೆಲ್ಲ ಅದನ್ನೇ ನೆಚ್ಚಿಕೊಂಡವು. ಆದರೆ ಜಿಲ್ಲೆಯ ಸರಾಸರಿ ಮಾಡುವ ಮೋಸವನ್ನೇ ತಾಲ್ಲೂಕಿನ ಸರಾಸರಿಯೂ ಮಾಡುತ್ತದೆ. ಹಿರಿಯೂರು ತಾಲ್ಲೂಕನ್ನೇ ನೋಡಿ: ಒಂದು ಕಡೆ ರಾಷ್ಟ್ರೀಯ ಹೆದ್ದಾರಿ 48, ಮತ್ತೊಂದು ಕಡೆ ದಿನಕ್ಕೆ ಎಣಿಸಿದಷ್ಟು ಬಸ್ ಕಾಣುವ ಹಳ್ಳಿಗಳು. ರಿಯಾಯಿತಿ ಇಡೀ ತಾಲ್ಲೂಕಿಗೆ ಒಂದೇ ಆದಾಗ ಲೆಕ್ಕ ಬಲ್ಲ ಉದ್ಯಮಿ ಹೆದ್ದಾರಿಯ ಪಕ್ಕದಲ್ಲಿ ನಿಲ್ಲದೆ ಇನ್ನೆಲ್ಲಿ ನಿಂತಾನು? ಅವನು ಮಾಡಿದ್ದು ಸರಿ. ಗೆರೆ ಎಳೆದವರದು ತಪ್ಪು.

ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. 2003ರಲ್ಲಿ ಹಿಮಾಚಲ ಪ್ರದೇಶಕ್ಕೂ ಉತ್ತರಾಖಂಡಕ್ಕೂ ಅಬಕಾರಿ ಸುಂಕ ಮತ್ತು ಆದಾಯ ತೆರಿಗೆಯ ದೊಡ್ಡ ವಿನಾಯಿತಿ ಕೊಟ್ಟಾಗ ಔಷಧ ಕಾರ್ಖಾನೆಗಳು ಹಿಮಾಚಲಕ್ಕೆ ಸಾಲುಗಟ್ಟಿ ಬಂದವು, ಆದರೆ ಬೆಟ್ಟ ಹತ್ತಲಿಲ್ಲ. ಬಯಲಿಗೆ ತಾಗಿದ, ಚಂಡೀಗಢಕ್ಕೆ ಹತ್ತಿರದ ಬದ್ದಿಯಲ್ಲಿಯೇ ಬೀಡುಬಿಟ್ಟವು. ನಮ್ಮ ಪ್ರಧಾನಮಂತ್ರಿ ಉದ್ಯೋಗ ಸೃಜನಾ ಯೋಜನೆಯಲ್ಲಿ ಸಾಮಾನ್ಯ ವರ್ಗದವರಿಗೆ ನಗರದಲ್ಲಿ ಶೇ. 15, ಗ್ರಾಮೀಣದಲ್ಲಿ ಶೇ. 25, ಮಹಿಳೆಯರು, ಪರಿಶಿಷ್ಟರು ಮೊದಲಾದ ವಿಶೇಷ ವರ್ಗದವರಿಗೆ ಕ್ರಮವಾಗಿ ಶೇ. 25 ಮತ್ತು 35 ಸಹಾಯಧನವಿದೆ. ಇಲ್ಲಿ ‘ಗ್ರಾಮೀಣ’ ಎಂದರೆ ಪಂಚಾಯಿತಿಯ ವ್ಯಾಪ್ತಿ. ದಾವಣಗೆರೆ ನಗರದ ಸೆರಗಿನಲ್ಲಿರುವ ಹಳ್ಳಿಗೂ ಆಂಧ್ರದ ಗಡಿಗೆ ಅಂಟಿಕೊಂಡ ಮೊಳಕಾಲ್ಮೂರಿನ ಹಳ್ಳಿಗೂ ಅದೇ ಶೇಕಡಾವಾರು. ಗ್ರಾಮೀಣವೆಂಬುದೂ ದೂರವೆಂಬುದೂ ಒಂದೇ ಅಲ್ಲ. ಗೆರೆಗೆ ಎಷ್ಟು ಬೆಲೆಯಿದೆ ಎಂದು ತಿಳಿಯಬೇಕಾದರೆ ಹರಪನಹಳ್ಳಿಯವರನ್ನು ಕೇಳಬೇಕು: 1997ರಲ್ಲಿ ದಾವಣಗೆರೆಗೆ ಸೇರಿದ ಆ ತಾಲ್ಲೂಕು, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ವಿಧಿಯ ಸೌಲಭ್ಯಕ್ಕಾಗಿ 2018ರಲ್ಲಿ ಬಳ್ಳಾರಿಗೆ ಮರಳಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಪ್ರಾದೇಶಿಕ ಅಸಮತೋಲನವನ್ನು ಮತ್ತೆ ಅಳೆಯಲು 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. ನನ್ನ ಆಸೆಯೆಂದರೆ ಇನ್ನು ಮುಂದೆ ಅಳತೆ ಹೋಬಳಿಗೆ ಇಳಿಯಬೇಕು, ಮತ್ತು ಸೂಚಕಗಳ ನಡುವೆ ಒಂದು ಸಣ್ಣ ಸೂಚಕ ಸೇರಬೇಕು: ಆ ಊರಿನಿಂದ ಬ್ಯಾಂಕು, ಕೈಗಾರಿಕಾ ಕೇಂದ್ರ, ವಿದ್ಯುತ್ ಕಚೇರಿಗಳಿಗೆ ಹೋಗಿ ಅದೇ ದಿನ ಮನೆಗೆ ಮರಳಲು ಎಷ್ಟು ಗಂಟೆ ಬೇಕು?

ಈ ಸೂಚಕ ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ಚಳ್ಳಕೆರೆ ಕಡೆಯ ಬ್ಯಾಂಕ್ ಶಾಖೆಯೊಂದರಲ್ಲಿ ನಾನು ಕೆಲಸದಲ್ಲಿದ್ದಾಗ, ಶೇಂಗಾ ಚಿಕ್ಕಿ ಮಾಡುತ್ತಿದ್ದ ಒಬ್ಬ ಹೆಣ್ಣುಮಗಳು ಸಾಲಕ್ಕೆ ಬರುತ್ತಿದ್ದರು. ಪಂಚಾಯಿತಿ ಕೊಟ್ಟ ಇ-ಸ್ವತ್ತು ನಮೂನೆಯಲ್ಲಿ ಆಕೆಯ ಜಾಗ ‘ವಾಸದ ಮನೆ’ ಎಂದಿತ್ತು. ಮನೆಯಲ್ಲಿ ಉದ್ಯಮ ನಡೆಸಲು ಒಪ್ಪಿಗೆ ಪತ್ರ ತನ್ನಿ ಎಂದು ನಾವು, ಬ್ಯಾಂಕಿನ ಪತ್ರ ಬಂದರೆ ಒಪ್ಪಿಗೆ ಕೊಡುತ್ತೇವೆ ಎಂದು ಪಂಚಾಯಿತಿಯವರು. ಈ ನಡುವೆ ತ್ರೀ ಫೇಸ್ ಸಂಪರ್ಕದ ಅರ್ಜಿ ಬೇರೆ. ಒಂದು ದಿನ ಆಕೆ ಕಡತ ತೆರೆದಾಗ ಒಳರಟ್ಟಿಗೆ ಗುಂಡುಪಿನ್ನಿನಲ್ಲಿ ಚುಚ್ಚಿದ್ದ ಬಸ್ ಟಿಕೆಟ್ಟುಗಳ ಕಟ್ಟು ಕಂಡಿತು. ‘ಹದಿನಾಲ್ಕು ಸಲ ಆತು ಸಾರ್, ಲೆಕ್ಕಕ್ಕೆ ಇರ್ಲಿ ಅಂತ ಇಟ್ಟೀನಿ’ ಎಂದರು. ಸಾಲ ಮಂಜೂರಾಯಿತು. ಆದರೆ ಆ ಹದಿನಾಲ್ಕು ದಿನ ಒಲೆ ಹೊತ್ತಿರಲಿಲ್ಲ, ಚಿಕ್ಕಿ ಮಾರಾಟವಾಗಿರಲಿಲ್ಲ. ಇದು ಶಕ್ತಿ ಯೋಜನೆ ಬರುವ ಮುಂಚಿನ ಮಾತು. 2023ರ ಜೂನ್‌ನಿಂದ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡು ಉಳಿದಿದೆ. ಅದನ್ನು ಯಾರೂ ಕೈಗಾರಿಕಾ ನೀತಿ ಎಂದು ಕರೆಯದಿದ್ದರೂ, ಸಂತೆಗೆ ಮಾಲು ಒಯ್ಯುವ ಹೆಂಗಸರ ಮಟ್ಟಿಗೆ ಅದು ಒಂದು ಕೈಗಾರಿಕಾ ನೀತಿಯೇ. ಕಳೆದುಹೋದ ದಿನದ ದುಡಿಮೆ ಮಾತ್ರ ಈಗಲೂ ಉಳಿಯುವುದಿಲ್ಲ.

ಹಾಗಾದರೆ ಹೇಗಿರಬೇಕು? ಉತ್ತರ ನಮ್ಮ ಕಣ್ಣ ಮುಂದೆಯೇ ಇದೆ. ಬೆಳಿಗ್ಗೆ ಜಗಳೂರು ತಾಲ್ಲೂಕಿನ ಯಾವುದಾದರೂ ಹಾಲಿನ ಡೇರಿಯ ಮುಂದೆ ನಿಂತು ನೋಡಿ. ಎರಡು ಲೀಟರ್ ತಂದವರೂ ಇಪ್ಪತ್ತು ಲೀಟರ್ ತಂದವರೂ ಒಂದೇ ಸಾಲಿನಲ್ಲಿ ಬರುತ್ತಾರೆ, ಸಂಘದ ಕಾರ್ಯದರ್ಶಿ ಹಾಲನ್ನು ಪರೀಕ್ಷಿಸಿ, ಅಳೆದು, ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ, ವಾಹನ ಬಂದು ಹಾಲನ್ನು ಒಯ್ಯುತ್ತದೆ, ದುಡ್ಡು ಖಾತೆಗೆ ಬರುತ್ತದೆ. ಹಾಲು ಮಾರಲು ಯಾವ ರೈತನೂ ಶಿವಮೊಗ್ಗಕ್ಕಾಗಲಿ ಬೆಂಗಳೂರಿಗಾಗಲಿ ಹೋಗಲಿಲ್ಲ. ದೂರವನ್ನು ಸಂಸ್ಥೆ ಹೊತ್ತುಕೊಂಡಿತು. ಸರ್ಕಾರದ ಪ್ರೋತ್ಸಾಹಧನವೂ ಲೀಟರಿಗೆ 5 ರೂಪಾಯಿಯಂತೆ, ಹಾಕಿದ ಹಾಲಿಗೆ ಬರುತ್ತದೆ, ಕೊಂಡ ಹಸುವಿಗಲ್ಲ. ಹಸು ಕೊಳ್ಳಲು ಮಾತ್ರ ಸಹಾಯಧನವಿದ್ದು ಡೇರಿ ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ಸಣ್ಣ ಉದ್ಯಮದಲ್ಲಿ ನಾವು ಇಂದಿಗೂ ಹಸು ಕೊಡಿಸುತ್ತಿದ್ದೇವೆ, ಡೇರಿ ಕಟ್ಟಿಲ್ಲ.

ಆದ್ದರಿಂದ ನನ್ನ ನೀತಿಯಲ್ಲಿ ಸಹಾಯಧನದ ಒಂದು ಭಾಗ ಯಂತ್ರದಿಂದ ಕಳಚಿ ನಡೆಯುವ ಖರ್ಚಿಗೆ ಬರುತ್ತದೆ. ನಾರ್ವೆಯಲ್ಲಿ 1975ರಲ್ಲಿ ಆರಂಭವಾದ ಪದ್ಧತಿ ಇದಕ್ಕೆ ಹತ್ತಿರದ್ದು: ನೌಕರರ ಸಂಬಳದ ಮೇಲೆ ಮಾಲೀಕರು ಕಟ್ಟುವ ಸಾಮಾಜಿಕ ಭದ್ರತಾ ವಂತಿಗೆ ರಾಜಧಾನಿ ಓಸ್ಲೊದಲ್ಲಿ ಶೇ. 14.1 ಇದ್ದರೆ, ಉತ್ತರದ ತುದಿಯ ಫಿನ್‌ಮಾರ್ಕ್‌ನಲ್ಲಿ ಸೊನ್ನೆ. ಅಲ್ಲಿ ಆಳು ಇಟ್ಟುಕೊಂಡು ಉದ್ಯಮ ನಡೆಸುವವರೆಗೂ ರಿಯಾಯಿತಿ ಉಂಟು, ಬಾಗಿಲು ಮುಚ್ಚಿದರೆ ಇಲ್ಲ. ಬಂಡವಾಳದ ಸಹಾಯಧನ ಪಡೆದು ಬೀಗ ಹಾಕಿದ ಶೆಡ್ಡುಗಳನ್ನು ಕಂಡವರಿಗೆ ಈ ವ್ಯತ್ಯಾಸ ತಟ್ಟನೆ ಅರ್ಥವಾಗುತ್ತದೆ. ಸಾಗಣೆ ವೆಚ್ಚಕ್ಕೂ ಸಹಾಯ ಬೇಕು, ಆದರೆ ಎಚ್ಚರದಿಂದ. 1952ರಿಂದ 1993ರವರೆಗೆ ಉಕ್ಕಿನಂಥ ಸರಕಿಗೆ ದೇಶವೆಲ್ಲ ಒಂದೇ ದರ ಬೀಳುವಂತೆ ಸಾಗಣೆ ವೆಚ್ಚವನ್ನು ಸರಿದೂಗಿಸಿದ ನೀತಿ, ಗಣಿ ಇದ್ದ ಬಿಹಾರ, ಒಡಿಶಾಗಳಿಗೆ ಇದ್ದ ಒಂದೇ ಅನುಕೂಲವನ್ನು ಕಿತ್ತುಕೊಂಡಿತು. ಕಚ್ಚಾಮಾಲು ಹೊರಗೆ ಹೋಗುವುದಕ್ಕಲ್ಲ, ಸಿದ್ಧಮಾಲು ಹೊರಗೆ ಹೋಗುವುದಕ್ಕೆ ಸಹಾಯ ಸಲ್ಲಬೇಕು.

ಇನ್ನೊಂದು, ಕೈಹಿಡಿದು ನಡೆಸುವವರ ಸಂಭಾವನೆ. ಮೇಲೆ ಹೇಳಿದ ಆಹಾರ ಸಂಸ್ಕರಣಾ ಯೋಜನೆಯಲ್ಲಿ ಜಿಲ್ಲಾ ಸಂಪನ್ಮೂಲ ವ್ಯಕ್ತಿಗೆ ಮಂಜೂರಾದ ಪ್ರತಿ ಸಾಲಕ್ಕೆ 20,000 ರೂಪಾಯಿ ನಿಗದಿಯಾಗಿದೆ. ಅರ್ಧ ಸಾಲ ಮಂಜೂರಾದಾಗ, ಉಳಿದರ್ಧ ನೋಂದಣಿ, ತರಬೇತಿಗಳು ಮುಗಿದಾಗ. ಅಲೆದಾಟಕ್ಕೆ ಬೇರೊಬ್ಬರನ್ನು ನೇಮಿಸಿದ ಈ ಯೋಚನೆ ನಿಜಕ್ಕೂ ಒಳ್ಳೆಯದು. ಆದರೆ ಘಟಕ ಎರಡನೆಯ ವರ್ಷಕ್ಕೆ ಕಾಲಿಟ್ಟಾಗ ಕೊಡುವ ಮೂರನೆಯ ಕಂತೊಂದನ್ನು ನಾನು ಸೇರಿಸುತ್ತೇನೆ. ಜಗಳೂರಿನ ಓದುಗರ ಯಂತ್ರ ಏಕೆ ನಿಂತಿದೆ ಎಂದು ವಿಚಾರಿಸಲು ಆಗ ಯಾರಾದರೂ ಒಬ್ಬರು ಬರುತ್ತಾರೆ.

ಪ್ರಶ್ನೆ: ನಮ್ಮದು ಮಗ್ಗದ ಮನೆ. ಜಿಲ್ಲೆಯ ಉತ್ಪನ್ನ ಶೇಂಗಾ ಎನ್ನುತ್ತಾರೆ. ಮೊಳಕಾಲ್ಮೂರು ಸೀರೆಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಬಂದು ಎಷ್ಟೋ ವರ್ಷವಾದರೂ ನಮ್ಮ ಕೂಲಿಯಲ್ಲಿ ಅದು ಕಾಣುವುದಿಲ್ಲವಲ್ಲ? (ಮೊಳಕಾಲ್ಮೂರು)

ಉತ್ತರ: ಶೇಂಗಾ ಎಂಬುದು ಆಹಾರ ಸಂಸ್ಕರಣೆಯ ಯೋಜನೆಯ ಪಟ್ಟಿಯ ಮಾತು, ನಿಮ್ಮ ಮಗ್ಗವನ್ನು ಅದು ತಳ್ಳಿಹಾಕುವುದಿಲ್ಲ. ಆದರೂ ನಿಮ್ಮ ಅಸಮಾಧಾನದಲ್ಲಿ ಹುರುಳಿದೆ. ಇಂಥ ಯೋಜನೆಗಳಿಗೆಲ್ಲ ಮೂಲ ಜಪಾನಿನ ಓಯಿತಾ ಪ್ರಾಂತ. ಅಲ್ಲಿನ ಗವರ್ನರ್ ಮೊರಿಹಿಕೊ ಹಿರಮತ್ಸು 1979ರಲ್ಲಿ ‘ಒಂದು ಗ್ರಾಮ ಒಂದು ಉತ್ಪನ್ನ’ ಚಳವಳಿ ಆರಂಭಿಸಿದರು. ಅಲ್ಲಿ ಉತ್ಪನ್ನವನ್ನು ಆರಿಸಿಕೊಂಡದ್ದು ಊರಿನವರು, ಸರ್ಕಾರ ನೇರ ಸಹಾಯಧನ ಹಂಚದೆ ತರಬೇತಿಗೂ ಮಾರುಕಟ್ಟೆಗೂ ಕೈಜೋಡಿಸಿತು. ನಮ್ಮಲ್ಲಿಗೆ ಬರುವಷ್ಟರಲ್ಲಿ ಗ್ರಾಮ ಹೋಗಿ ಜಿಲ್ಲೆಯಾಯಿತು.

ಜಿಐ ವಿಚಾರ. ನಿಮ್ಮ ಸೀರೆಗೆ ಆ ಮಾನ್ಯತೆ ಬಂದದ್ದು 2011ರಲ್ಲಿ. ಕಾಯ್ದೆಯ ಪ್ರಕಾರ ಹೆಸರಿನ ಹಕ್ಕು ನೋಂದಾಯಿತ ಸಂಸ್ಥೆಯದು. ಅದನ್ನು ಬಳಸುವ ನೇಕಾರ ‘ಅಧಿಕೃತ ಬಳಕೆದಾರ’ ಎಂದು ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು. ಅದನ್ನು ಮಾಡಿಸಿಕೊಂಡಿದ್ದೀರಾ? ಮಾಡಿಸಿಕೊಂಡರೂ, ರೇಷ್ಮೆಯ ಎಳೆಯನ್ನು ಮಾಲೀಕರಿಂದ ತಂದು, ಸೀರೆಗಿಷ್ಟು ಎಂದು ಕೂಲಿಗೆ ನೇಯುವವರೆಗೂ ಹೆಸರಿನ ಲಾಭ ಸೀರೆ ಮಾರುವವರಿಗೇ ಹೋಗುತ್ತದೆ, ನೇಯ್ದವರಿಗಲ್ಲ. ನೇಕಾರರ ಮುದ್ರಾ ಸಾಲಕ್ಕೆ ಬಡ್ಡಿ ಶೇ. 6, ಎಳೆಯನ್ನು ಸ್ವಂತ ದುಡ್ಡಿನಲ್ಲಿ ತರಲು ಅದನ್ನು ಬಳಸಿಕೊಳ್ಳಿ, ನಾಲ್ಕು ಮನೆಯವರು ಕೂಡಿ ತಂದರೆ ಇನ್ನೂ ಒಳ್ಳೆಯದು. ನಿಮ್ಮೂರಿಗೆ ರಾಯದುರ್ಗ ಹತ್ತಿರ, ಬಳ್ಳಾರಿ ಹತ್ತಿರ, ಸ್ವಂತ ಜಿಲ್ಲೆಯ ಕೇಂದ್ರವೇ ದೂರ. ಗಡಿಯ ತಾಲ್ಲೂಕಿನವರು ಪಕ್ಕದ ಜಿಲ್ಲೆಯ ಕಚೇರಿಯಲ್ಲಿಯೇ ಅರ್ಜಿ ಕೊಡಬಹುದು ಎಂಬ ಒಂದು ಸಾಲಿನ ಆದೇಶಕ್ಕೆ ಬೊಕ್ಕಸದಿಂದ ಹೆಚ್ಚೇನೂ ಖರ್ಚಾಗದು.

ಪ್ರಶ್ನೆ: ನಮ್ಮ ತಾಲ್ಲೂಕಿಗೆ ದೊಡ್ಡ ದೊಡ್ಡ ವಿಜ್ಞಾನ ಸಂಸ್ಥೆಗಳು ಬಂದವು. ಸ್ಥಳೀಯರಿಗೆ ಉದ್ಯಮ ಏಕೆ ಬರಲಿಲ್ಲ? (ಚಳ್ಳಕೆರೆ)

ಉತ್ತರ: ಕುದಾಪುರ, ದೊಡ್ಡ ಉಳ್ಳಾರ್ತಿ ಭಾಗದ ಅಮೃತ ಮಹಲ್ ಕಾವಲಿನ ಸಾವಿರಾರು ಎಕರೆ ಡಿಆರ್‌ಡಿಒ, ಇಸ್ರೊ, ಭಾರತೀಯ ವಿಜ್ಞಾನ ಸಂಸ್ಥೆ, ಭಾಭಾ ಅಣು ಸಂಶೋಧನಾ ಕೇಂದ್ರಗಳಿಗೆ ಹೋಯಿತು. ಇಂಥ ಸಂಸ್ಥೆಗೆ ಬೇಕಾದ ಸಲಕರಣೆ ಚಳ್ಳಕೆರೆಯ ಎಣ್ಣೆ ಗಿರಣಿಯ ಪಕ್ಕದ ವರ್ಕ್‌ಶಾಪಿನಲ್ಲಿ ತಯಾರಾಗುವುದಿಲ್ಲ, ಅದನ್ನು ಒಪ್ಪಿಕೊಳ್ಳೋಣ. ಊಟ, ವಾಹನ, ಬಟ್ಟೆ ಒಗೆತ, ಸಣ್ಣಪುಟ್ಟ ವೆಲ್ಡಿಂಗ್ ಕೆಲಸಗಳು ಮಾತ್ರ ಇಲ್ಲಿಯವರಿಗೆ ಸಲ್ಲಬಹುದು. ಕೇಂದ್ರದ 2012ರ ಖರೀದಿ ನೀತಿಯಂತೆ ಸರ್ಕಾರಿ ಇಲಾಖೆ, ಉದ್ದಿಮೆಗಳ ಖರೀದಿಯಲ್ಲಿ ಶೇ. 25 ಕಿರು ಮತ್ತು ಸಣ್ಣ ಉದ್ಯಮಗಳಿಂದ ಆಗಬೇಕು. ಆದರೆ ಅದು ದೇಶದ ಯಾವ ಮೂಲೆಯ ಸಣ್ಣ ಉದ್ಯಮವಾದರೂ ಆದೀತು, ತಾಲ್ಲೂಕಿನದೇ ಆಗಬೇಕೆಂದಿಲ್ಲ. ಟೆಂಡರನ್ನು ಸಣ್ಣ ಸಣ್ಣ ಭಾಗಗಳಾಗಿ ಒಡೆದರೆ ಮಾತ್ರ ಸ್ಥಳೀಯರ ಕೈಗೆ ಏನಾದರೂ ದಕ್ಕುತ್ತದೆ.

ಲಾಭದ ಲೆಕ್ಕದ ಜೊತೆ ನಷ್ಟದ ಲೆಕ್ಕವೂ ಇರಬೇಕಲ್ಲ. ಆ ಕಾವಲು ಖಾಲಿ ಜಾಗವಾಗಿರಲಿಲ್ಲ. ಅಲ್ಲಿ ಕುರಿ ಮೇಯುತ್ತಿದ್ದವು. ಕುರಿಯ ಉಣ್ಣೆ ಕಂಬಳಿಯಾಗಿ ಸಂತೆಗೆ ಬರುತ್ತಿತ್ತು. ಹುಲ್ಲುಗಾವಲಿಗೆ ಬೇಲಿ ಬಿದ್ದಾಗ ಕಂಬಳಿಯ ಉದ್ಯಮಕ್ಕೆ ಕಚ್ಚಾಮಾಲಿನ ಬಾಗಿಲು ಮುಚ್ಚಿದಂತೆಯೇ. ಕೈಗಾರಿಕೆ ತರುವ ಕಡತದಲ್ಲಿ, ಈಗಾಗಲೇ ಇರುವ ಉದ್ಯಮ ಯಾವುದು ಎಂಬ ಅಂಕಣವನ್ನೂ ತುಂಬಿಸಬೇಕಿತ್ತು.

ಪ್ರಶ್ನೆ: ಬೆಂಗಳೂರಿನಿಂದ ಮರಳಿದ ಮಗ ತೆಂಗಿನಕಾಯಿಯ ತಿನಿಸು ಮಾಡಿ ಮಾರುತ್ತೇನೆ ಎನ್ನುತ್ತಾನೆ. ಮೊದಲು ಎಲ್ಲಿಗೆ ಹೋಗಬೇಕು? (ಹೊಸದುರ್ಗ)

ಉತ್ತರ: ಸಾಲಕ್ಕಿಂತ ಮುಂಚೆ ತರಬೇತಿಗೆ ಕಳುಹಿಸಿ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯನ್ನೇ ಕೇಂದ್ರ ಸರ್ಕಾರ ದೇಶಕ್ಕೆಲ್ಲ ವಿಸ್ತರಿಸಿ, ಜಿಲ್ಲೆಗೊಂದು ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆ ಇರಬೇಕೆಂದಿತು. ಬ್ಯಾಂಕುಗಳು ನಡೆಸುವ ಇವುಗಳಲ್ಲಿ ಊಟ, ವಸತಿ ಸಹಿತ ತರಬೇತಿ ಉಚಿತ. ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡುವ ‘ಉದ್ಯಮ್’ ನೋಂದಣಿಗೂ ಶುಲ್ಕವಿಲ್ಲ, ಆದ್ದರಿಂದ ‘ಮಾಡಿಸಿಕೊಡುತ್ತೇವೆ’ ಎನ್ನುವವರಿಗೆ ಹಣ ಕೊಡಬೇಡಿ. ಆಹಾರ ಸುರಕ್ಷತಾ ಪ್ರಾಧಿಕಾರದಲ್ಲಿ ಮನೆಯ ಮಟ್ಟದ ಘಟಕಕ್ಕೆ ಸರಳ ನೋಂದಣಿ ಸಾಕು, ಪರವಾನಗಿ ಬೇಡ. ರಾಜ್ಯದೊಳಗೆ ಆನ್‌ಲೈನ್ ಮಾರಾಟ ಮಾಡುವ ಸಣ್ಣ ವರ್ತಕರಿಗೆ, ವಹಿವಾಟು ಜಿಎಸ್‌ಟಿ ಮಿತಿಯೊಳಗಿದ್ದರೆ, 2023ರ ಅಕ್ಟೋಬರ್‌ನಿಂದ ಜಿಎಸ್‌ಟಿ ನೋಂದಣಿಯೂ ಕಡ್ಡಾಯವಲ್ಲ.

ಪಂಚಾಯಿತಿಗೆ ಹೋಗುವಾಗ ಇ-ಸ್ವತ್ತು ನಮೂನೆ, ವಿದ್ಯುತ್ ಬಿಲ್ಲು, ಜಾಗದ ಒಡೆಯರ ಒಪ್ಪಿಗೆ ಪತ್ರಗಳ ಮೂರು ಮೂರು ಪ್ರತಿ ಮಾಡಿಸಿಕೊಂಡು ಹೋಗಲಿ. ಹೊರಡುವ ಮುನ್ನ ಪಿಡಿಒ ಆ ದಿನ ಕಚೇರಿಯಲ್ಲಿರುತ್ತಾರೆಯೇ ಎಂದು ಫೋನ್ ಮಾಡಿ ಕೇಳಿಕೊಳ್ಳಲಿ.